ಬಾಡಿಗೆ ಕಡಿಮೆ, ಸರಿ, ಬೇಳೆ ಬೇಯುತ್ತದೆಯೇ?

ಸಂಜೆ ಮನೆಗೆ ಬಂದ ನಿಮ್ಮ ಯಜಮಾನರು ಚಪ್ಪಲಿ ಬಿಡುವ ಮುಂಚೆಯೇ ಸಂತೋಷದ ಸುದ್ದಿ ಹೇಳುತ್ತಾರೆ. "ಮನಿ ಸಿಕ್ತು ನೋಡು. ಎರಡು ಖೋಲಿ, ಅಡಿಗಿ ಮನಿ, ಮುಂದ ಕಟ್ಟಿ. ಬಾಡಿಗಿ ಈಗಿನಕ್ಕಿಂತ ಸಾವಿರದ ಐದನೂರು ಕಮ್ಮಿ. ನಾಳೆ ಅಡ್ವಾನ್ಸ್ ಕೊಟ್ಟು ಬರ್ತೀನಿ." ಚಹಾಕ್ಕೆ ಇಟ್ಟ ನೀವು ಒಲೆಯ ಮುಂದಿನಿಂದಲೇ ಒಂದು ಮಾತು ಕೇಳುತ್ತೀರಿ: "ನೀರು ಹ್ಯಾಂಗ ಅದ?" ಉತ್ತರ ಸಿದ್ಧವಾಗಿಯೇ ಇರುತ್ತದೆ. "ನೀರಿಗೇನು, ಬೋರ್ ಅದಲ್ಲ!" ಅಲ್ಲಿಗೆ ಮಾತು ಮುಗಿಯಿತು. ಮುಂದಿನ ವಾರ ಟ್ರಾಲಿಯಲ್ಲಿ ಸಾಮಾನು ಹೋಗುತ್ತದೆ, ಹಿಂದಿನಿಂದ ನೀವು ಹೋಗುತ್ತೀರಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರುಗಳಲ್ಲಿ ಈ ಮಾತುಕತೆ ನಡೆಯದ ಮನೆ ಇರಲಿಕ್ಕಿಲ್ಲ. ಕಲಬುರಗಿಯಂಥ ದೊಡ್ಡ ಊರಿನ ಬಾಡಿಗೆ ಕೊಡಲಾಗದವರಿಗೆ, ಮಕ್ಕಳ ಫೀಸು, ಸಾಲದ ಕಂತು ಎರಡನ್ನೂ ಒಂದೇ ಸಂಬಳದಲ್ಲಿ ತೂಗಿಸಬೇಕಾದವರಿಗೆ ಇವು ಕೈಗೆಟಕುವ ಊರುಗಳು. ಊರೊಳಗೂ ಅಷ್ಟೇ. ಸ್ಟೇಷನ್ ರಸ್ತೆಯ ಮನೆಗೆ ಒಂದು ಬಾಡಿಗೆ, ಗೇಟಿನ ಆಚೆಯ ಓಣಿಗೆ ಇನ್ನೊಂದು. ಕಡಿಮೆ ಬಾಡಿಗೆಯ ಮನೆ ಹುಡುಕುವುದು ತಪ್ಪಲ್ಲ. ಆದರೆ ಗೆಳತಿಯರೇ, ಬಾಡಿಗೆಯಲ್ಲಿ ಉಳಿದ ಆ ಸಾವಿರದ ಐದನೂರು ರೂಪಾಯಿಯನ್ನು ನಿಜವಾಗಿ ಉಳಿಸಿದವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ?

ನನ್ನ ಗೆಳತಿಯೊಬ್ಬಳ ಕಥೆ ಹೇಳುತ್ತೇನೆ ಕೇಳಿ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವಳು ವಾಡಿಯಲ್ಲಿ ಕಂಪನಿ ಕ್ವಾರ್ಟರ್ಸ್‌ನಲ್ಲಿದ್ದಳು. ಹೊತ್ತಿಗೆ ಸರಿಯಾಗಿ ನೀರು, ಮನೆ ಹತ್ತಿರವೇ ಶಾಲೆ, ಕರೆಂಟಿನ ಚಿಂತೆಯಿಲ್ಲ. ಬಿಡುವಿನ ಹೊತ್ತಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಮದುವೆ ಸೀಸನ್ ಬಂದರೆ ಅವಳ ಮನೆ ಮುಂದೆ ಸಾಲು. ಗಂಡ ನಿವೃತ್ತರಾದರು, ಕ್ವಾರ್ಟರ್ಸ್ ಬಿಡಬೇಕಾಯಿತು. ಶಹಾಬಾದಿನ ಹಳೇ ಓಣಿಯೊಂದರಲ್ಲಿ ಕಡಿಮೆ ಬಾಡಿಗೆಯ ಮನೆ ಸಿಕ್ಕಿತು. ಫರಸಿ ಹಾಸಿದ ನೆಲ, ಕಲ್ಲಿನ ಗೋಡೆ, ಮೇಲೂ ಕಲ್ಲು ಚಪ್ಪಡಿಯೇ. ಗಟ್ಟಿಮುಟ್ಟಾದ ಮನೆ. ಎಲ್ಲರೂ ಒಳ್ಳೆಯದೇ ಆಯಿತು ಅಂದರು.

ಆರು ತಿಂಗಳ ಮೇಲೆ ನಾನು ಹೋದಾಗ ಹೊಲಿಗೆ ಮಷೀನಿನ ಮೇಲೆ ಮಡಚಿದ ಬಟ್ಟೆ ಪೇರಿಸಿತ್ತು. "ಹೊಲಿಯೋದು ಬಿಟ್ಟೇನವ್ವಾ?" ಅಂದೆ. "ಎಲ್ಲಿಂದ ಹೊಲೀಲಿ ಅಕ್ಕಾ? ನಳ ಯಾವಾಗ ಬರ್ತದ ಗೊತ್ತಿಲ್ಲ. ಒಮ್ಮೆ ನಸುಕಿನ್ಯಾಗ, ಒಮ್ಮೆ ಮಧ್ಯಾಹ್ನ. ಕತ್ತರಿ ಹಿಡಿದು ಕುಂತಾಗ ನೀರು ಬಂತು ಅಂತ ಓಣಿ ತುಂಬ ಒದರ್ತಾರ. ಎದ್ದು ಓಡಬೇಕು. ಹೇಳಿದ ದಿನಕ್ಕ ಬ್ಲೌಸ್ ಕೊಡಲಿಕ್ಕೆ ಆಗಲಿಲ್ಲ, ಮಂದಿ ಬರೋದು ಬಿಟ್ರು" ಅಂದಳು. ಅಷ್ಟರಲ್ಲಿ ಕುಕ್ಕರ್ ಮತ್ತೊಂದು ಸೀಟಿ ಹಾಕಿತು. "ಏಳು ಸೀಟಿ ಆದ್ರೂ ಈ ಬ್ಯಾಳಿ ಕಲ್ಲಿನಂಗೇ ಕುಂತಿರ್ತದ ನೋಡು" ಎಂದು ನಕ್ಕಳು. ನಗು ಮುಖದ ಮೇಲಿತ್ತು, ಕೈ ಮಾತ್ರ ಸೊಂಟದ ಮೇಲಿತ್ತು.

ತೊಗರಿಯ ಸೀಮೆಯಲ್ಲಿ ಬೇಯದ ಬೇಳೆ

ನಮ್ಮದು ತೊಗರಿಯ ಸೀಮೆ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಅಂಥ ಊರಿನಲ್ಲಿ ಬೇಳೆ ಬೇಯುವುದಿಲ್ಲ ಎಂದರೆ ತಪ್ಪು ಬೇಳೆಯದಲ್ಲ, ನೀರಿನದು. ನಮ್ಮ ಕಾಲ ಕೆಳಗಿರುವುದು ಸುಣ್ಣದ ಕಲ್ಲು. ಶಹಾಬಾದ್ ಫರಸಿ ದೇಶದ ತುಂಬ ಹೆಸರಾಗಿದ್ದು ಇದೇ ಕಲ್ಲಿನಿಂದ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಕಲ್ಲಿಗಾಗಿ. ಊರಿಗೆ ಅನ್ನ ಕೊಟ್ಟ ಈ ಕಲ್ಲೇ ಬೋರಿನ ನೀರಿನಲ್ಲಿ ಕರಗಿ ಬಂದು ನೀರನ್ನು ಗಡಸು ಮಾಡುತ್ತದೆ. ಗಡಸು ನೀರಿನಲ್ಲಿ ಬೇಳೆ ಮೆತ್ತಗಾಗುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ, ಹಂಡೆಯ ತಳದಲ್ಲಿ ಬಿಳಿ ಪದರು ಕಟ್ಟುತ್ತದೆ, ಬಟ್ಟೆ ಒರಟಾಗುತ್ತದೆ.

ಇದೆಲ್ಲ ಗಂಡಸರ ಕಣ್ಣಿಗೆ ಬೀಳುವುದಿಲ್ಲ. ಅವರಿಗೆ ತಟ್ಟೆಗೆ ಬಂದ ಸಾರು ಗೊತ್ತು, ಅದು ಎಷ್ಟು ಸೀಟಿಗೆ ಆಯಿತು ಎಂಬುದು ಗೊತ್ತಿಲ್ಲ. ಬೇಳೆಗೆ ಹೆಚ್ಚು ಗ್ಯಾಸು, ಬಟ್ಟೆಗೆ ಹೆಚ್ಚು ಸಾಬೂನು, ಕುಡಿಯುವುದಕ್ಕೆ ಕ್ಯಾನ್ ನೀರು. ಇವೆಲ್ಲ ಕಿರಾಣಿ ಖರ್ಚಿನಲ್ಲಿ ಸೇರಿಹೋಗುತ್ತವೆ. ತಿಂಗಳ ಕೊನೆಗೆ "ನೀ ಕೈ ಬಿಗಿ ಹಿಡೀಬೇಕು" ಎಂಬ ಮಾತು ಕೇಳುವವರು ಮಾತ್ರ ನೀವೇ.

ಬನ್ನಿ, ಒಂದು ಲೆಕ್ಕ ಹಾಕೋಣ

ಒಂದು ಹಾಳೆ ತೆಗೆದುಕೊಳ್ಳಿ. ಬಾಡಿಗೆಯಲ್ಲಿ ಉಳಿತಾಯ 1,500 ರೂಪಾಯಿ ಎಂದು ಮೇಲೆ ಬರೆಯಿರಿ. ಕೆಳಗೆ ನಿಮ್ಮ ಹೆಚ್ಚಿನ ದುಡಿಮೆ ಬರೆಯಿರಿ. ನೀರಿಗೆ ಕಾಯುವುದು, ಹಿಡಿಯುವುದು, ಹೊರುವುದು, ಸೋಸುವುದು, ಲಾರಿ ಓಡಾಡುವ ರಸ್ತೆಯಾದರೆ ದಿನಕ್ಕೆ ಎರಡು ಸಲ ಧೂಳು ಒರೆಸುವುದು, ದೂರದ ಸಂತೆಗೆ ನಡೆಯುವುದು. ಎಲ್ಲ ಸೇರಿ ದಿನಕ್ಕೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಅರವತ್ತು ಗಂಟೆ. ಸಾವಿರದ ಐದನೂರನ್ನು ಅರವತ್ತರಿಂದ ಭಾಗಿಸಿದರೆ ಗಂಟೆಗೆ 25 ರೂಪಾಯಿ ಬಂತು. ಇನ್ನೂ ಗ್ಯಾಸು, ಸಾಬೂನು, ಆಟೋ, ಕ್ಯಾನ್ ನೀರು ಕಳೆದೇ ಇಲ್ಲ!

2025-26ಕ್ಕೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ಎಂಟು ಗಂಟೆ ಎಂದು ಹಿಡಿದರೂ ಗಂಟೆಗೆ 46 ರೂಪಾಯಿ ಆಗುತ್ತದೆ. ಅಂದರೆ ನಿಮ್ಮ ಮನೆಗೆ ಸಾವಿರದ ಐದನೂರು ಉಳಿಸಿಕೊಡಲು ನೀವು ಮಣ್ಣು ಹೊರುವ ಕೂಲಿಗಿಂತಲೂ ಕಡಿಮೆಗೆ ದುಡಿಯುತ್ತಿದ್ದೀರಿ. ಅದೂ ಆ ದುಡ್ಡು ನಿಮ್ಮ ಕೈಗೆ ಬರದೆ!

ಇದು ಬರೀ ನಮ್ಮೂರಿನ ಹಾಡಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಇಡೀ ದೇಶದಲ್ಲಿ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಮಾಡುವ ಗಂಡಸರು ಕೊಟ್ಟದ್ದು 97 ನಿಮಿಷ. ನೀರು ಸರಿಯಿಲ್ಲದ ಓಣಿಗೆ ಹೋದರೆ ಹೆಚ್ಚುವುದು ಯಾರ ನಿಮಿಷಗಳು ಎಂದು ಬೇರೆ ಹೇಳಬೇಕೇ?

ಅದಕ್ಕೇ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಕಡಿಮೆ ಬಾಡಿಗೆಯ ಮನೆಯಿಂದ ಉಳಿಯುವ ಹಣ ಯಜಮಾನರ ಜಾಣತನದ ಫಲ ಅಲ್ಲ, ಅದು ಮನೆಯೊಡತಿಯ ಸಂಪಾದನೆ. ಹಾಗಾಗಿ ಆ ಮನೆ ಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಅವಳ ಮಾತು ಮೊದಲು ಇರಬೇಕು, ಉಳಿದ ಹಣದಲ್ಲಿ ಅವಳ ಪಾಲೂ ಇರಬೇಕು.

ಹಾಗಾದರೆ ಅಗ್ಗದ ಓಣಿಯೇ ಬೇಡವೇ?

ಛೇ, ನಾನು ಹಾಗೆ ಹೇಳುವುದಿಲ್ಲ. ನನ್ನ ಗೆಳತಿಯೂ ಹೇಳುವುದಿಲ್ಲ. ಕ್ವಾರ್ಟರ್ಸ್‌ನಲ್ಲಿದ್ದಾಗ ಪಕ್ಕದ ಮನೆಯವರ ಗಂಡ ಯಾವ ವಿಭಾಗ, ಯಾವ ಗ್ರೇಡು ಎಂಬುದು ಅವಳಿಗೆ ಗೊತ್ತಿತ್ತಂತೆ, ಅವರ ತಾಯಿಯ ಹೆಸರು ಗೊತ್ತಿರಲಿಲ್ಲವಂತೆ. ಓಣಿಗೆ ಬಂದ ಮೊದಲ ವಾರವೇ ಎದುರು ಮನೆ ಅಜ್ಜಿ ಪುಂಡಿಪಲ್ಯ, ಎರಡು ಜೋಳದ ರೊಟ್ಟಿ ಹಿಡಿದುಕೊಂಡು ಬಂದು, "ಹೊಸಾ ಮನಿ, ಒಲಿ ಹಚ್ಚಲಿಕ್ಕೆ ತ್ರಾಸ ಆಗ್ತದ, ಉಣ್ರಿ" ಅಂದಳಂತೆ. ಬೇಳೆಯ ಗುಟ್ಟು ಕಲಿಸಿದ್ದೂ ಆ ಅಜ್ಜಿಯೇ. ಬೋರಿನ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದಲ್ಲಿ ಬಿಳಿ ಕೂತ ಮೇಲೆ ಮೇಲಿನ ತಿಳಿ ನೀರನ್ನಷ್ಟೇ ಬಗ್ಗಿಸಿಕೊಂಡು ಬೇಳೆಗೆ ಇಡಬೇಕು. ನಳದ ನೀರು ಇದ್ದರೆ ಎರಡು ಕೊಡ ಬೇಳೆಗೆ, ಚಹಾಕ್ಕೆ ಎಂದೇ ಬೇರೆ ಎತ್ತಿಡಬೇಕು.

ದೊಡ್ಡ ಊರಿನ ಫ್ಲಾಟಿನಲ್ಲಿ ನೀವು ಜ್ವರದಿಂದ ಮಲಗಿದರೆ ಪಕ್ಕದವರಿಗೆ ತಿಳಿಯಲು ಮೂರು ದಿನ ಬೇಕು. ಇಲ್ಲಿ ಬೆಳಿಗ್ಗೆ ನಿಮ್ಮ ಅಂಗಳಕ್ಕೆ ನೀರು ಬೀಳದಿದ್ದರೆ ಎಂಟು ಗಂಟೆಗೆ ಯಾರಾದರೂ ಬಾಗಿಲು ಬಡಿಯುತ್ತಾರೆ. ಕೀಲಿ ಕೊಟ್ಟು ಊರಿಗೆ ಹೋಗಬಹುದು, ಶಾಲೆಯಿಂದ ಬಂದ ಮಗುವನ್ನು ಬಿಟ್ಟು ಬ್ಯಾಂಕಿಗೆ ಹೋಗಿ ಬರಬಹುದು. ಇದಕ್ಕೂ ಬೆಲೆ ಇದೆ, ಹಾಳೆಯ ಮೇಲಿನ ಭಾಗದಲ್ಲಿ ಇದನ್ನೂ ಬರೆಯಬೇಕು. ಆದ್ದರಿಂದ "ಆ ಓಣಿಯಾಗ ಇರ್ತಾರ" ಎಂದು ಯಾರಾದರೂ ಮೂಗು ಮುರಿದರೆ ನಾಚಬೇಕಾದ್ದೇನೂ ಇಲ್ಲ. ನಾಚಿಕೆ ಬೇಡ, ಲೆಕ್ಕ ಬೇಕು, ಅಷ್ಟೇ.

ಊರಿಗೊಂದು ಗುಣ

ಲೆಕ್ಕ ಎಲ್ಲ ಊರಿನಲ್ಲೂ ಒಂದೇ ರೀತಿ ಬರುವುದಿಲ್ಲ. ವಾಡಿ ಜಂಕ್ಷನ್. 1874ರಲ್ಲಿ ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಚಿತ್ತಾಪುರ, ಸೇಡಂ ಅದೇ ಹಳಿಯ ಮೇಲಿವೆ. ಶಹಾಬಾದ್ ಮುಂಬೈ–ಚೆನ್ನೈ ಹಳಿಯ ಮೇಲಿದೆ. ಹಳಿ ಇರುವ ಊರಿನಲ್ಲಿ ಮಗಳನ್ನು ಕಲಬುರಗಿಯ ಕಾಲೇಜಿಗೆ ಕಳಿಸುವುದು ಸುಲಭ. ಆದರೆ ಮನೆ ಗೇಟಿನ ಯಾವ ಕಡೆಗಿದೆ ನೋಡಿ. ಮಕ್ಕಳ ಶಾಲೆ ಆಚೆ, ಮನೆ ಈಚೆ ಆದರೆ ಗೂಡ್ಸ್ ಗಾಡಿ ದಾಟುವವರೆಗೆ ಬಿಸಿಲಲ್ಲಿ ನಿಲ್ಲುವವರು ನೀವೇ. ಸೇಡಂ, ವಾಡಿಯಂಥ ಸಿಮೆಂಟ್ ಊರುಗಳಲ್ಲಿ ಲಾರಿ ಹೋಗುವ ದಾರಿಯಿಂದ ಎರಡು ಓಣಿ ಒಳಗಿನ ಮನೆಗೆ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೂ ಲಾಭವೇ. ಶಹಾಬಾದಿನಲ್ಲಿ ಹತ್ತಿರ ಕಲ್ಲು ಪಾಲಿಶ್ ಮಾಡುವ ಮಷೀನು ಇದೆಯೇ ವಿಚಾರಿಸಿ. ಹಗಲು ಮಲಗುವ ಕೂಸು ಅಥವಾ ರಾತ್ರಿ ಪಾಳಿ ಮುಗಿಸಿ ಬಂದವರು ಮನೆಯಲ್ಲಿದ್ದರೆ ಆ ಸದ್ದು ಸಣ್ಣ ಮಾತಲ್ಲ.

ಚಿಂಚೋಳಿಗೆ ರೈಲಿಲ್ಲ. ಕಾಡು ಹತ್ತಿರ, ಚಂದ್ರಂಪಳ್ಳಿ ಜಲಾಶಯ ಹತ್ತಿರ, ಗಾಳಿ ಒಳ್ಳೆಯದು. ಆದರೆ ಕಲಬುರಗಿ ದೂರ. ತಾಲ್ಲೂಕು ಆಸ್ಪತ್ರೆ ಊರಲ್ಲೇ ಇದ್ದರೂ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಿರುವುದು ಕಲಬುರಗಿಯಲ್ಲಿ. ಮನೆಯಲ್ಲಿ ಎದೆನೋವಿನ ಅತ್ತೆಯೋ, ಡಯಾಲಿಸಿಸ್‌ನ ಮಾವನೋ ಇದ್ದರೆ ಈ ದೂರವನ್ನು ಬಾಡಿಗೆಗೆ ಸೇರಿಸಿ ಲೆಕ್ಕ ಮಾಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ, ನಿಜ. ಅದರಿಂದ ದೂರದ ಮನೆಯೂ ಸ್ವಲ್ಪ ಹತ್ತಿರವಾಗಿದೆ. ಆದರೆ ಬಸ್ಸಿನಲ್ಲಿ ಹೋಗುವ ಹೊತ್ತು ಪುಕ್ಕಟೆ ಅಲ್ಲ. ಸೇಡಂ, ಚಿಂಚೋಳಿಯಿಂದ ತಾಂಡೂರಿನ ಕಡೆ ಓಡಾಡುವವರು ನೆನಪಿಡಿ, ಈ ಸೌಲಭ್ಯ ರಾಜ್ಯದ ಒಳಗೆ ಮಾತ್ರ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ನಮ್ಮ ಕಲ್ಲಿನ ಮಾಳಿಗೆ ರಾತ್ರಿ ಹನ್ನೊಂದಕ್ಕೂ ಬಿಸಿ ಬಿಡುತ್ತಲೇ ಇರುತ್ತದೆ. ಕೂಲರ್ ಕೊಳ್ಳುವ ಮುಂಚೆ ಮಾಳಿಗೆಗೆ ಎರಡು ಕೈ ಬಿಳಿ ಸುಣ್ಣ ಹೊಡೆಸಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಒಳಗೆ ಕಾವು ಕಡಿಮೆಯಾಗುತ್ತದೆ. ಸುಣ್ಣ ನಮ್ಮೂರಲ್ಲೇ ಸಿಗುತ್ತದೆ, ಖರ್ಚೂ ಕಡಿಮೆ. ಮನೆ ಮಾಲೀಕರನ್ನೇ ಕೇಳಿ, ಅವರ ಮಾಳಿಗೆಗೇ ಅಲ್ಲವೇ ಒಳ್ಳೆಯದು?

ಅಡ್ವಾನ್ಸ್ ಕೊಡುವ ಮುಂಚೆ

ಮನೆ ನೋಡಲು ನೀವೇ ಹೋಗಿ. ಹೋದಾಗ ಇವಿಷ್ಟನ್ನು ಮರೆಯಬೇಡಿ.

ಒಂದು ಖಾಲಿ ಬಾಟಲಿ ಒಯ್ಯಿರಿ. ಆ ಮನೆಯ ನೀರು ತುಂಬಿಕೊಂಡು ಬಂದು ನಿಮ್ಮ ಒಲೆಯಲ್ಲಿ ಒಂದು ಹಿಡಿ ತೊಗರಿ ಬೇಳೆ ಬೇಯಿಸಿ ನೋಡಿ. ಎಂದಿನ ಸೀಟಿಗೆ ಬೆಂದರೆ ಅರ್ಧ ಪರೀಕ್ಷೆ ಪಾಸು.

ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆ ಎಂದು ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯಾಕೆಯನ್ನು ಕೇಳಿ. ಅವಳು ಗಂಟೆ ನಿಮಿಷ ಸಮೇತ ಹೇಳುತ್ತಾಳೆ.

ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ, ಧೂಳು ನೋಡಿ. ಓಣಿಯವರು ಬಟ್ಟೆ ಹೊರಗೆ ಒಣಗಿಸಿದ್ದಾರೋ ಒಳಗೋ ಗಮನಿಸಿ.

ಮಾಳಿಗೆಯ ಕಲ್ಲಿನ ಸಂದು, ಗೋಡೆಯ ಮೂಲೆ ನೋಡಿ. ಅಲ್ಲಿ ಕಂದು ಕಲೆ ಇದ್ದರೆ ಮಳೆಗಾಲದಲ್ಲಿ ನಿಮ್ಮ ಪಾತ್ರೆಗಳೆಲ್ಲ ಸೋರುವ ಜಾಗದ ಕೆಳಗೇ ಇರುತ್ತವೆ.

ಕತ್ತಲಾದ ಮೇಲೆ ಇನ್ನೊಮ್ಮೆ ಹೋಗಿ. ಬೀದಿ ದೀಪ ಇದೆಯೇ, ಟ್ಯೂಷನ್ ಮುಗಿಸಿದ ಮಗಳು ಒಬ್ಬಳೇ ನಡೆದು ಬರಬಹುದೇ ನೋಡಿ.

ಬಾಡಿಗೆ ಕರಾರು ಬರೆಸಿಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಹಳೇ ಮನೆಯ ಆರ್.ಆರ್. ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿ ಹೊಸ ಮನೆಯದಕ್ಕೆ ಜೋಡಿಸಲು ಈ ಕಾಗದ ಕೈಯಲ್ಲಿರಬೇಕು.

ಬಾಡಿಗೆ ಸಾಕು, ಅಗ್ಗಕ್ಕೊಂದು ಸೈಟು ಕೊಳ್ಳೋಣ ಎನ್ನುವವರಿಗೆ ಇನ್ನೊಂದು ಮಾತು. ಊರ ಹೊರಗೆ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಸೈಟು ಎಂದು ತೋರಿಸುತ್ತಾರೆ. ಆ ಜಮೀನು ಎನ್.ಎ. ಆಗಿದೆಯೇ, ಇ-ಖಾತಾ ಇದೆಯೇ ಎಂದು ಕೇಳದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಊರಿನ ಮಿತಿಯೊಳಗಾದರೆ ಪುರಸಭೆ ಅಥವಾ ನಗರಸಭೆಯಲ್ಲಿ, ಹೊರಗಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಮತ್ತೆ, ನಿಮ್ಮ ತವರಿನ ಬಂಗಾರ ಅದಕ್ಕೆ ಹೋಗುವುದಾದರೆ ನೋಂದಣಿ ಕಾಗದದಲ್ಲಿ ನಿಮ್ಮ ಹೆಸರೂ ಇರಲಿ. ಇದನ್ನು ಕೇಳುವುದು ಅಪನಂಬಿಕೆ ಅಲ್ಲ, ಸಂಸಾರದ ಶಿಸ್ತು.

ಹಾಳೆಯ ಮೇಲೆ ಬಂದ ಮಾತು

ನನ್ನ ಗೆಳತಿ ಏನು ಮಾಡಿದಳು ಎಂದು ಹೇಳುವುದು ಉಳಿಯಿತು. ಎರಡು ವರ್ಷ ಅವಳು ಬಾಯಿ ಬಿಡಲಿಲ್ಲ. "ನಿನಗೇನು ಕೆಲ್ಸ ಅದ, ಮನ್ಯಾಗೇ ಇರ್ತಿ, ನೀರು ಹಿಡಿದ್ರಾಯ್ತು" ಎಂಬ ಒಂದು ಮಾತಿಗೆ ಅವಳ ಬಾಯಿ ಕಟ್ಟಿಹೋಗಿತ್ತು. ಒಂದು ದಿನ ಸೊಂಟ ಹಿಡಿದು ಏಳಲಾಗದೆ ಮಲಗಿದಳು. ಹದಿನೈದು ದಿನ ನೀರು ಹಿಡಿದದ್ದು ಗಂಡ ಮತ್ತು ಮಗ. ಮೂರನೇ ದಿನಕ್ಕೇ ಗಂಡ, "ಏನಿದು, ಇದಕ್ಕ ಹೊತ್ತು ಗೊತ್ತು ಇಲ್ಲೇನು?" ಎಂದು ರೇಗಾಡಿದರಂತೆ. ಆಗ ಅವಳು ಮಲಗಿದಲ್ಲಿಂದಲೇ ಹಾಳೆ, ಪೆನ್ನು ಕೇಳಿದಳು. ನಿಂತುಹೋದ ಬ್ಲೌಸಿನ ಸಂಪಾದನೆಯನ್ನೂ ಅದರಲ್ಲಿ ಬರೆಸಿದಳು. ಬರೆಯುತ್ತಾ ಬರೆಯುತ್ತಾ ಗಂಡನ ಧ್ವನಿ ಸಣ್ಣದಾಯಿತು.

ಅವರು ಮನೆ ಬಿಡಲಿಲ್ಲ. ಆ ಅಜ್ಜಿಯನ್ನು, ಆ ಓಣಿಯನ್ನು ಬಿಡಲು ಅವಳಿಗೇ ಮನಸ್ಸಾಗಲಿಲ್ಲ. ಬದಲಿಗೆ ಮಾಳಿಗೆಯ ಮೇಲೆ ಸಿಂಟೆಕ್ಸ್ ಕೂತಿತು. ನೀರಿನ ಪಾಳಿ ಮೂವರಿಗೂ ಹಂಚಿತು. ಉಳಿತಾಯದ ಅರ್ಧ, ತಿಂಗಳಿಗೆ 750 ರೂಪಾಯಿ, ಅವಳ ಹೆಸರಿನಲ್ಲಿ ಅಂಚೆ ಕಚೇರಿಯ ಆರ್.ಡಿ.ಗೆ ಹೋಗುತ್ತಿದೆ. ಐದು ವರ್ಷಕ್ಕೆ ಬಡ್ಡಿ ಬಿಟ್ಟು 45,000. ಓಣಿಯ ಹೆಂಗಸರು ಕೂಡಿ ವಾರ್ಡಿನ ಸದಸ್ಯರ ಮನೆಗೂ ಹೋಗಿ ಬಂದರು. "ನೀರು ಹೆಚ್ಚಿಗೆ ಬಿಡ್ರಿ ಅಂತ ಕೇಳಂಗಿಲ್ಲ, ಬಿಡೋ ಹೊತ್ತು ಹೇಳ್ರಿ ಸಾಕು" ಎಂಬುದಷ್ಟೇ ಅವರ ಬೇಡಿಕೆ. ಹೊತ್ತು ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ಆದರೂ ಈಗ ಮುಂಚಿನ ದಿನ ಒಬ್ಬರ ಮೊಬೈಲಿಗೆ ಸುದ್ದಿ ಬರುತ್ತದೆ, ಅಲ್ಲಿಂದ ಓಣಿಗೆಲ್ಲ ಮುಟ್ಟುತ್ತದೆ.

ಹೋದ ತಿಂಗಳು ಅವಳ ಮನೆಗೆ ಹೋದಾಗ ಮಷೀನಿನ ಮೇಲೆ ಹಸಿರು ಬ್ಲೌಸ್ ಪೀಸ್ ಇತ್ತು. ಅರ್ಧ ತೋಳು ಹೊಲಿದಾಗಿತ್ತು. ಒಳಗೆ ಕುಕ್ಕರಿಗೆ ಮೂರು ಸೀಟಿ ಆಯಿತು, ಅವಳು ಎದ್ದು ಒಲೆ ಆರಿಸಿ ಬಂದಳು.

ನಿಮ್ಮ ಮನೆಯಲ್ಲೂ ಹೊಸ ಮನೆಯ ಮಾತು ಬಂದಿದೆಯೇ? ಹಾಗಾದರೆ ನಾಳೆ ಅಡ್ವಾನ್ಸ್ ಕೊಡುವುದು ಬೇಡ ಅನ್ನಿ. ನಾಡಿದ್ದು ಕೊಟ್ಟರಾಯಿತು. ನಾಳೆ ನೀವು ಬಾಟಲಿ ಹಿಡಿದು ಹೋಗಿ ಬನ್ನಿ.